ಏಡಿಯ ಪಾಕವೂ ಕನ್ನಡದ ಗದ್ಯವೂ

ವಿಮರ್ಶೆಯೆಂಬುದು ಕಾವ್ಯ, ನಾಟಕ, ಕಾದಂಬರಿಗಳಿಗೆ ಮಾತ್ರ ಸಲ್ಲತಕ್ಕದ್ದೆಂಬ ನಂಬಿಕೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಅಡಿಗೆಯ ಪಾಠವನ್ನು ಯಾರೂ ವಿಮರ್ಶಿಸುವುದಿಲ್ಲ. ಅದನ್ನು ಕತ್ತರಿಸಿ ಡಬ್ಬಿಯಲ್ಲಿಡುತ್ತಾರೆ, ಇಲ್ಲವೆ ಮರೆಯುತ್ತಾರೆ. ಆದರೆ ಯೋಚಿಸಿ ನೋಡಿದರೆ, ಬರೆದ ಮಾತು ನಿಜವೋ ಸುಳ್ಳೋ ಎಂಬುದು ಒಂದು ಗಳಿಗೆಯೊಳಗೆ ಗೊತ್ತಾಗಿಬಿಡುವ ಸಾಹಿತ್ಯ ಪ್ರಕಾರ ಇದೊಂದೇ. ಕವಿತೆ ಕೆಟ್ಟರೆ ಓದುಗನ ಒಂದು ಸಂಜೆ ಕೆಟ್ಟೀತು. ಪಾಕಗದ್ಯ ಕೆಟ್ಟರೆ ಊಟ ಕೆಡುತ್ತದೆ; ಏಡಿಯಂಥ ಪದಾರ್ಥದ ವಿಷಯದಲ್ಲಾದರೆ ಹೊಟ್ಟೆಯೂ ಕೆಡಬಹುದು. ಇಷ್ಟು ಹೊಣೆಯುಳ್ಳ ಗದ್ಯವನ್ನು ನಾವು ಇಷ್ಟು ಹಗುರವಾಗಿ ಕಾಣುವುದು ಆಶ್ಚರ್ಯವೇ ಸರಿ.

ಏಡಿಯನ್ನೇ ಏಕೆ ಆರಿಸಿಕೊಂಡೆನೆಂದು ವಾಚಕರು ಕೇಳಬಹುದು. ಕುಮಟೆಯ ಕಡೆಯಿಂದ ಬಂದು ಬೆಂಗಳೂರಿನ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವ ನನಗೆ ಆ ಪ್ರಾಣಿಯ ಪರಿಚಯ ಚಿಕ್ಕಂದಿನದು ಎಂಬುದು ಒಂದು ಕಾರಣ. ಇನ್ನೊಂದು ಕಾರಣ, ಈಚಿನ ವರ್ಷಗಳಲ್ಲಿ ಅಡಿಗೆಯ ಪುಟಗಳಲ್ಲಿ ‘ಮನೆಯಲ್ಲೇ ಗರಿಗರಿಯಾದ ಏಡಿ’ ಎಂಬ ಬಗೆಯ ಪಾಠಗಳು ಆಗಾಗ ಕಣ್ಣಿಗೆ ಬೀಳುತ್ತಿರುವುದು. ಘಟ್ಟದ ಮೇಲಿನವರೂ ಅವನ್ನು ಓದಿ ಮಾಡಲು ಹೊರಡುತ್ತಾರೆ. ಯಾರೊಬ್ಬರ ಬರಹವನ್ನೂ ಎತ್ತಿಕೊಳ್ಳದೆ, ಎಲ್ಲದರ ಧಾಟಿಯನ್ನೂ ಕೂಡಿಸಿ ನಾನೇ ಒಂದು ಮಾದರಿಯನ್ನು ಹೇಳುತ್ತೇನೆ: ‘ಸ್ವಚ್ಛಗೊಳಿಸಿದ ಏಡಿಗೆ ಮಸಾಲೆ ಸವರಿ, ಕ್ರಿಸ್ಪಿ ಆಗುವವರೆಗೆ ಫ್ರೈ ಮಾಡಿ, ಸ್ಟಾರ್ಟರ್ ಆಗಿ ಬಡಿಸಿ.’ ತರಗತಿಯಲ್ಲಿ ಹಳಗನ್ನಡ ಪದ್ಯಕ್ಕೆ ಪ್ರತಿಪದಾರ್ಥ ಹೇಳುವಂತೆ ಈ ಒಂದು ವಾಕ್ಯವನ್ನು ಬಿಡಿಸಿ ನೋಡೋಣ. ನಾಲ್ಕು ಮಾತುಗಳಲ್ಲಿ ನಾಲ್ಕು ಕೊರತೆಗಳು ಕಾಣುತ್ತವೆ.

ಮೊದಲನೆಯದು ‘ಸ್ವಚ್ಛಗೊಳಿಸಿದ’. ವ್ಯಾಕರಣದಲ್ಲಿ ಇದು ಭೂತಕೃದಂತ. ಕೆಲಸ ಆಗಿಹೋಗಿದೆ, ಮಾಡಿದವರು ಯಾರೆಂಬುದು ಮಾತಿನಲ್ಲಿ ಇಲ್ಲ. ಆದರೆ ಏಡಿಯ ಅಡಿಗೆಯಲ್ಲಿ ಅರ್ಧಕ್ಕಿಂತ ಹೆಚ್ಚಿನ ಕೆಲಸವೂ, ತಿಳಿವಳಿಕೆಯೂ, ಅಪಾಯವೂ ಈ ಒಂದು ಕೃದಂತದೊಳಗೆ ಹುದುಗಿವೆ. ಮೀನು ಮಾರುಕಟ್ಟೆಯಲ್ಲಿ ಕುಳಿತ ಹೆಂಗಸು ಏಡಿಯನ್ನು ಕೈಯಲ್ಲಿ ತೂಗಿ ನೋಡುತ್ತಾಳೆ. ಗಾತ್ರಕ್ಕೆ ತಕ್ಕ ತೂಕವಿದ್ದರೆ ಅದು ತುಂಬಿದ ಏಡಿ. ಹಗುರವಾಗಿದ್ದರೆ ಈಚೆಗೆ ಪೊರೆ ಕಳಚಿದ್ದು. ಏಡಿ ಬೆಳೆಯಬೇಕಾದರೆ ಹಳೆಯ ಚಿಪ್ಪನ್ನು ಕಳಚಲೇಬೇಕು. ಕಳಚಿದ ಮೇಲೆ ಅದು ನೀರು ಹೀರಿ ಹಿಗ್ಗಿ ಹೊಸ ಚಿಪ್ಪಿಗೆ ಜಾಗ ಮಾಡಿಕೊಳ್ಳುತ್ತದೆ. ಆ ದಿನಗಳಲ್ಲಿ ಒಳಗೆ ನೀರು ಹೆಚ್ಚು, ಮಾಂಸ ಕಡಮೆ. ಹೊಟ್ಟೆಯ ಕೆಳಗಿನ ಮಡಿಕೆಯನ್ನು ನೋಡಿ ಗಂಡು ಹೆಣ್ಣು ಹೇಳುತ್ತಾಳೆ: ಕಿರಿದಾಗಿ ಚೂಪಾಗಿದ್ದರೆ ಗಂಡು, ಅಗಲವಾಗಿ ದುಂಡಾಗಿದ್ದರೆ ಹೆಣ್ಣು. ಮೂರು ಚುಕ್ಕೆಯ ಕಡಲೇಡಿ, ಬೆನ್ನ ಮೇಲೆ ಶಿಲುಬೆಯಂಥ ಗುರುತಿರುವ ಏಡಿ, ಅಘನಾಶಿನಿ, ಕಾಳಿಗಳ ಅಳಿವೆಯ ಕೆಸರಲ್ಲಿ ಬೆಳೆದ ದೊಡ್ಡ ಕೊಂಬಿನ ಏಡಿ—ಇವೆಲ್ಲ ಅವಳಿಗೆ ಬೇರೆ ಬೇರೆ. ಪಾಠ ಬರೆದವರಿಗೆ ಎಲ್ಲವೂ ‘ಏಡಿ’.

ಇದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿ ಆ ಕೃದಂತದ ಮರೆಯಲ್ಲಿದೆ. ಏಡಿಯನ್ನು ಜೀವಂತವಾಗಿಯೇ ಕೊಳ್ಳಬೇಕು. ಸತ್ತ ಕೂಡಲೆ ಅದರ ಪಚನಗ್ರಂಥಿಯ ರಸಗಳು ತನ್ನದೇ ಮಾಂಸವನ್ನು ಕರಗಿಸತೊಡಗುತ್ತವೆ. ಸೂಕ್ಷ್ಮಜೀವಿಗಳು ಬೇಗ ಬೆಳೆಯುತ್ತವೆ. ಯಾವಾಗ ಸತ್ತಿತೆಂದು ಗೊತ್ತಿಲ್ಲದ ಹಸಿ ಏಡಿಯನ್ನು ಒಲೆಗೆ ಏರಿಸಬಾರದು. ಹಾಗಾದರೆ ಕೊಲ್ಲುವ ಕೆಲಸ ಅಡಿಗೆಯವರದೇ ಆಗುತ್ತದೆ. ಇದನ್ನು ಹೇಳಲು ನಮ್ಮ ಪಾಕಗದ್ಯ ನಾಚುತ್ತದೆ. ಏಡಿಯನ್ನು ಮಂಜುಗಡ್ಡೆಯ ನಡುವೆ ಅರ್ಧ ಗಂಟೆ ಹುಗಿದಿಟ್ಟರೆ ಅದು ಜೋಮು ಹಿಡಿದು ಅಲ್ಲಾಡದಾಗುತ್ತದೆ. ಆಗ ಮಗುಚಿ, ಹೊಟ್ಟೆಯ ಮಡಿಕೆಯನ್ನು ಎತ್ತಿ, ಚೂಪಾದ ಉಪಕರಣದಿಂದ ಒಮ್ಮೆಗೇ ಇರಿದು ಮುಗಿಸುವುದು ದಯೆಯ ದಾರಿ. ಕುದಿಯುವ ನೀರಿಗೆ ಜೀವಸಹಿತ ಎಸೆಯುವುದು ದಯೆಯಲ್ಲ. ಬ್ರಿಟನ್ನಿನ 2022ರ ಪ್ರಾಣಿಕಲ್ಯಾಣದ ಕಾಯಿದೆಯೊಂದು ಏಡಿ ಸಿಗಡಿಗಳನ್ನೂ ನೋವನ್ನರಿಯುವ ಜೀವಿಗಳ ಸಾಲಿಗೆ ಸೇರಿಸಿತು. ತಿನ್ನುವವರು ತಿನ್ನಲಿ, ಬಿಡುವವರು ಬಿಡಲಿ. ತಿನ್ನುವುದಾದರೆ ಏನು ಮಾಡುತ್ತಿದ್ದೇವೆಂಬುದನ್ನು ಪೂರ್ಣಕ್ರಿಯಾಪದದಲ್ಲಿ ಹೇಳುವ ಧೈರ್ಯವಿರಬೇಕು. ಕೃದಂತದ ಹಿಂದೆ ಅವಿತುಕೊಳ್ಳುವುದು ಗದ್ಯದ ಶಿಷ್ಟಾಚಾರವಲ್ಲ, ಅಪ್ರಾಮಾಣಿಕತೆ.

ಎರಡನೆಯದು ‘ಕ್ರಿಸ್ಪಿ’. ಕನ್ನಡದಲ್ಲಿ ಇದಕ್ಕೆ ಮಾತಿಲ್ಲವೆ? ಗರಿಗರಿ, ಕುರುಕುರು, ಗರಮುರು—ಅನುಕರಣ ಶಬ್ದಗಳ ಸಂಪತ್ತಿನಲ್ಲಿ ನಾವು ಯಾರಿಗೂ ಸಾಲ ಬಿದ್ದವರಲ್ಲ. 13ನೆಯ ಶತಮಾನದ ಕೇಶಿರಾಜನೇ ಇಂಥ ಶಬ್ದಗಳಿಗೆ ವ್ಯಾಕರಣದಲ್ಲಿ ಸ್ಥಾನ ಕೊಟ್ಟಿದ್ದಾನೆ. ಹಪ್ಪಳದ ಗರಿಗರಿಗೂ ಚಕ್ಕುಲಿಯ ಗರಮುರಿಗೂ ಭೇದವುಂಟೆಂದು ನಮ್ಮ ಮಕ್ಕಳೂ ಬಲ್ಲರು. ಆದರೆ ನನ್ನ ಆಕ್ಷೇಪ ಇಂಗ್ಲಿಷ್ ಪದ ಬಂತೆಂಬುದಲ್ಲ. ಬಸ್ಸು, ಕಾಫಿ, ಕುಕ್ಕರುಗಳನ್ನು ನಾವು ಬರಮಾಡಿಕೊಂಡಿದ್ದೇವೆ; ಅವು ಬಂದುದರಿಂದ ನುಡಿ ಬಡವಾಗಲಿಲ್ಲ. ಆಕ್ಷೇಪ ಇರುವುದು, ಏಡಿಯಲ್ಲಿ ಯಾವುದು ಗರಿಗರಿಯಾಗಬೇಕೆಂಬ ಪ್ರಶ್ನೆಯನ್ನೇ ಆ ಪದ ಕೇಳಗೊಡದಿರುವುದರಲ್ಲಿ. ಚಿಪ್ಪು ಹುಟ್ಟಿನಿಂದಲೇ ಗಟ್ಟಿ. ಅದನ್ನು ಎಷ್ಟು ಕರಿದರೂ ಹಲ್ಲಿಗೆ ಒಗ್ಗುವುದಿಲ್ಲ. ಒಳಗಿನ ಮಾಂಸ ನೀರಿನಿಂದ ಕೂಡಿದ್ದು. ಅದು ಗರಿಗರಿಯಾಗುವಷ್ಟು ಕರಿದರೆ ನಾರಾಗುತ್ತದೆ. ಹಾಗಿರುವಾಗ ಇಡಿಯ ಏಡಿಯನ್ನು ‘ಕ್ರಿಸ್ಪಿ ಆಗುವವರೆಗೆ’ ಕಾಯುವ ಗೃಹಿಣಿ ಎಷ್ಟು ಹೊತ್ತು ಕಾಯಬೇಕು?

ಇಡಿಯಾಗಿ ಕರಿದು ಇಡಿಯಾಗಿ ತಿನ್ನಬಹುದಾದ ಏಡಿ ಇಲ್ಲವೆಂದಲ್ಲ. ವೆನಿಸ್ ನಗರದ ಸುತ್ತಣ ಹಿನ್ನೀರಿನಲ್ಲಿ ಸಣ್ಣ ಹಸುರು ಏಡಿಗಳು ವಸಂತದಲ್ಲಿಯೂ ಶರತ್ಕಾಲದಲ್ಲಿಯೂ ಪೊರೆ ಬಿಡುತ್ತವೆ. ಹೊಸ ಚಿಪ್ಪು ಗಟ್ಟಿಯಾಗುವ ಮುನ್ನಿನ ಕೆಲವೇ ಗಂಟೆಗಳಲ್ಲಿ ಅಲ್ಲಿಯ ಮೀನುಗಾರರು ಅವನ್ನು ಆರಿಸಿ ತೆಗೆಯುತ್ತಾರೆ. ಆ ಸ್ಥಿತಿಯ ಏಡಿಗೆ ‘ಮೊಏಕೆ’ ಎಂಬ ಬೇರೆ ಹೆಸರೇ ಉಂಟು. ಅಮೆರಿಕೆಯ ಚೆಸಾಪೀಕ್ ಕೊಲ್ಲಿಯ ನೀಲಿ ಏಡಿಗೂ ಹೀಗೆಯೇ ಮೆದುಚಿಪ್ಪಿನ ಕಾಲವೊಂದುಂಟು. ಅಂಥದಕ್ಕೆ ಹಿಟ್ಟು ಸವರಿ ಕರಿದರೆ ಕಾಲು, ಕೊಂಬು, ಚಿಪ್ಪು ಎಲ್ಲವೂ ಗರಿಗರಿ. ನಮ್ಮ ಸಂತೆಯಲ್ಲಿ ಸಿಗುವ ಗಟ್ಟಿಚಿಪ್ಪಿನ ಏಡಿಗೆ ಆ ಪಾಠವನ್ನು ಹಾಗೆಯೇ ಅಂಟಿಸಿದರೆ ಫಲ ಬೇರೆಯಾಗುತ್ತದೆ. ಪದವನ್ನು ಸಾಲ ತಂದವರು ಪದಾರ್ಥವನ್ನು ತರಲಿಲ್ಲ.

ಮೂರನೆಯದು ‘ಫ್ರೈ’. ಇದು ಎಲ್ಲಕ್ಕಿಂತ ದೊಡ್ಡ ನಷ್ಟ. ಕನ್ನಡದಲ್ಲಿ ಹುರಿಯುವುದು ಬೇರೆ, ಕರಿಯುವುದು ಬೇರೆ, ಬಾಡಿಸುವುದು ಬೇರೆ, ಸುಡುವುದು ಬೇರೆ. ಎಣ್ಣೆಯಲ್ಲಿ ಮುಳುಗಿದರೆ ಕರಿದದ್ದು. ಬಾಣಲೆಯಲ್ಲಿ ಎಣ್ಣೆಯಿಲ್ಲದೆಯೋ ಸ್ವಲ್ಪ ಎಣ್ಣೆಯಲ್ಲಿಯೋ ಕೈಯಾಡಿಸುತ್ತ ಬಂದರೆ ಹುರಿದದ್ದು. ಹಸಿತನ ಹೋಗುವವರೆಗೆ ಮಾತ್ರ ಬೆಚ್ಚಗಾಗಿಸಿದರೆ ಬಾಡಿಸಿದ್ದು. ಒಂದೊಂದು ಕ್ರಿಯಾಪದವೂ ಒಂದೊಂದು ಪಾತ್ರೆಯನ್ನೂ, ಎಣ್ಣೆಯ ಒಂದೊಂದು ಅಳತೆಯನ್ನೂ, ಉರಿಯ ಒಂದೊಂದು ಹದವನ್ನೂ ಹೊಟ್ಟೆಯಲ್ಲಿಟ್ಟುಕೊಂಡಿದೆ. ಕವಿ ನಾಲ್ಕು ಸಾಲಿನಲ್ಲಿ ಹೇಳುವುದನ್ನು ನಮ್ಮ ಅಜ್ಜಿ ಒಂದು ಧಾತುವಿನಲ್ಲಿ ಹೇಳುತ್ತಿದ್ದಳು. ಈಗ ಹೋಟೆಲಿನ ಹಲಗೆಯ ಮೇಲೆ ‘ಏಡಿ ಫ್ರೈ’ ಎಂದಿದ್ದರೆ ಬರುವುದು ಏನು? ಮಸಾಲೆಯಲ್ಲಿ ಹೊರಳಿಸಿ ಹುರಿದದ್ದೂ ಇರಬಹುದು, ರವೆ ಹಚ್ಚಿ ಕಾವಲಿಯ ಮೇಲೆ ಬೇಯಿಸಿದ್ದೂ ಇರಬಹುದು, ಹಿಟ್ಟಿನಲ್ಲಿ ಅದ್ದಿ ಕರಿದದ್ದೂ ಇರಬಹುದು. ತಟ್ಟೆ ಬರುವವರೆಗೆ ಅರ್ಥ ನಿಶ್ಚಯವಾಗುವುದಿಲ್ಲ. ಹೋಟೆಲಿನಲ್ಲಿ ಇದು ವಿನೋದ. ಮನೆಯ ಒಲೆಯ ಮುಂದೆ ಕಾದ ಎಣ್ಣೆಯನ್ನಿಟ್ಟುಕೊಂಡು ನಿಂತವರಿಗೆ ವಿನೋದವಲ್ಲ.

ನಾಲ್ಕನೆಯದು ‘ಸ್ಟಾರ್ಟರ್’. ಊಟಕ್ಕೂ ಒಂದು ವ್ಯಾಕರಣವಿದೆ. ಪಾಶ್ಚಾತ್ಯರ ಊಟ ಒಂದಾದ ಮೇಲೊಂದು ಬರುವ ಅಂಕಗಳಿಂದ ಕೂಡಿದ ನಾಟಕ. ಹಸಿವನ್ನು ಕೆರಳಿಸಲೆಂದು ಮೊದಲು ಸಣ್ಣ ತಿನಿಸು ಬರುತ್ತದೆ. ನಮ್ಮ ಎಲೆಯೂಟದಲ್ಲಿ ಎಲ್ಲ ಪಾತ್ರಗಳೂ ಬೇಗನೆ ರಂಗಕ್ಕೆ ಬಂದುಬಿಡುತ್ತವೆ. ಕರಾವಳಿಯಲ್ಲಿ ಕಾವಲಿಯ ಮೀನನ್ನು ಅನ್ನದ ಮೊದಲು ತಿನ್ನುವುದಿಲ್ಲ, ಅನ್ನಕ್ಕೆ ನಂಜಿಕೊಳ್ಳುತ್ತಾರೆ. ‘ನಂಜಿಕೊಳ್ಳು’ ಎಂಬ ಧಾತು ಆ ಊಟದ ಕ್ರಮವನ್ನೆಲ್ಲ ಹೇಳಿಬಿಡುತ್ತದೆ. ಊಟವಲ್ಲದ ಹೊತ್ತಿನಲ್ಲಿ ತಿನ್ನುವುದಾದರೆ ‘ಕುರುಕಲು’ ಎಂಬ ಒಳ್ಳೆಯ ಮಾತಿದೆ. ನಗರದ ಮನೆಗಳಲ್ಲಿ ಈಗ ಅತಿಥಿಗಳು ಬಂದಾಗ ಊಟಕ್ಕೆ ಮುನ್ನ ಏನಾದರೂ ಕೊಡುವ ರೂಢಿ ಬಂದಿದೆ. ಅದನ್ನು ನಾನು ಹಳಿಯುವುದಿಲ್ಲ. ಯಾವ ವ್ಯಾಕರಣದಲ್ಲಿ ವಾಕ್ಯ ಕಟ್ಟುತ್ತಿದ್ದೇವೆಂಬ ಅರಿವು ಇರಲಿ ಎಂಬುದಷ್ಟೇ ನನ್ನ ವಾದ.

ಹೆಸರಿಗೂ ಹೂರಣಕ್ಕೂ ಸಂಬಂಧ ತಪ್ಪುವುದು ನಮ್ಮಲ್ಲಿ ಮಾತ್ರ ಎಂದುಕೊಳ್ಳಬೇಕಾಗಿಲ್ಲ. ಅಮೆರಿಕೆಯ ಚೀನೀ ಹೋಟೆಲುಗಳಲ್ಲಿ ‘ಕ್ರ್ಯಾಬ್ ರಂಗೂನ್’ ಎಂಬ ತಿನಿಸು ಜನಪ್ರಿಯವಾದುದು. ಕೆನೆಗಿಣ್ಣು ಮತ್ತು ಏಡಿಮಾಂಸದ ಹೂರಣವನ್ನು ತೆಳು ಹಾಳೆಯಲ್ಲಿ ಮಡಿಸಿ ಕರಿದದ್ದು. 1950ರ ದಶಕದಲ್ಲಿ ಸಾನ್ ಫ್ರಾನ್ಸಿಸ್ಕೋದ ಟ್ರೇಡರ್ ವಿಕ್ಸ್ ಹೋಟೆಲಿನ ಪಟ್ಟಿಯಲ್ಲಿ ಅದು ಕಾಣಿಸಿಕೊಂಡಿತು. ರಂಗೂನಿನ ಅಡಿಗೆಮನೆಗೆ ಕೆನೆಗಿಣ್ಣಿನ ಸಂಪ್ರದಾಯವಿಲ್ಲ. ಈಗ ಅನೇಕ ಕಡೆ ಒಳಗೆ ಏಡಿಯೂ ಇರುವುದಿಲ್ಲ. ಬಿಳಿಮೀನನ್ನು ಅರೆದು, ಬಣ್ಣ ಬಳಿದು, ಏಡಿಯ ಕಾಲಿನಂತೆ ರೂಪಿಸಿದ ಕಡ್ಡಿಯಿರುತ್ತದೆ. ರಂಗೂನಿಲ್ಲದ ರಂಗೂನು, ಏಡಿಯಿಲ್ಲದ ಏಡಿ! ಗರಿಗರಿಯೊಂದು ಮಾತ್ರ ಸತ್ಯ. ಆದರೂ ಆ ತಿನಿಸಿನಿಂದ ಒಂದು ವಿವೇಕವನ್ನು ಕಲಿಯಬಹುದು: ಗರಿಗರಿಯಾಗುವುದು ಏಡಿಯಲ್ಲ, ಅದರ ಹೊದಿಕೆ.

ಈ ಸೂತ್ರವನ್ನು ಹಿಡಿದು ಪಾಠವೊಂದನ್ನು ಹೇಗೆ ಬರೆಯಬಹುದು? ದೋಷ ಹೇಳಿದ ವಿಮರ್ಶಕ ಗುಣವನ್ನೂ ತೋರಿಸಬೇಕೆಂಬುದು ನ್ಯಾಯ. ನಮ್ಮ ಮನೆಯಲ್ಲಿ ಮಾಡುವ ಕ್ರಮವನ್ನೇ ಹೇಳುತ್ತೇನೆ. ನಾಲ್ವರಿಗೆ ಒಂದು ಕಿಲೋ ತುಂಬಿದ ಏಡಿ ಬೇಕು. ಕೊಂದು, ಬೆನ್ನ ಚಿಪ್ಪನ್ನು ಕಿತ್ತು, ಬೂದುಬಣ್ಣದ ಗರಿಯಂಥ ಕಿವಿರುಗಳನ್ನೂ ಬಾಯಿಯ ಭಾಗವನ್ನೂ ತೆಗೆದು, ತೊಳೆದು, ಹಬೆಯಲ್ಲಿ 12ರಿಂದ 15 ನಿಮಿಷ ಬೇಯಿಸಿರಿ. ಹಸುರು ನೀಲಿಯ ಚಿಪ್ಪು ಕೆಂಪಾಗುತ್ತದೆ. ಕೆಂಪು ಬಣ್ಣ ಮೊದಲೇ ಅಲ್ಲಿತ್ತು, ಅದನ್ನು ಹಿಡಿದು ಮರೆಮಾಡಿದ್ದ ಸಸಾರಜನಕ ಕಾವಿಗೆ ಸಡಿಲವಾಯಿತು ಅಷ್ಟೆ. ಬಣ್ಣ ತಿರುಗಿದ ಮಾತ್ರಕ್ಕೆ ಬೆಂದಿತೆನ್ನಬಾರದು. ಮಾಂಸ ಪಾರದರ್ಶಕತೆ ಕಳೆದು ಹಾಲಿನಂತೆ ಬೆಳ್ಳಗಾಗಬೇಕು. ಆರಿದ ಮೇಲೆ ಮಾಂಸವನ್ನು ಬಿಡಿಸಿರಿ. ಕಾಲು ಕಿಲೋದ ಆಸುಪಾಸು ಬಂದೀತು. ಚಿಪ್ಪಿನ ಚೂರು ಉಳಿಯದಂತೆ ಬೆರಳಿನಿಂದ ಎರಡು ಸಲ ತಡವಿ ನೋಡಿ, ತೆಳು ಬಟ್ಟೆಯಲ್ಲಿ ಮೆಲ್ಲಗೆ ಹಿಂಡಿರಿ. ಹಿಂಡಿ ಬಂದ ನೀರನ್ನು ಚೆಲ್ಲಬೇಡಿ, ಸಾರಿಗೆ ಆದೀತು.

ಅದಕ್ಕೆ ಬೇಯಿಸಿ ನುರಿದ ಒಂದು ಆಲೂಗೆಡ್ಡೆ, ಸಣ್ಣಗೆ ಹೆಚ್ಚಿದ ಈರುಳ್ಳಿ, ಎರಡು ಹಸಿಮೆಣಸು, ಒಂದಂಗುಲ ಶುಂಠಿ, ಕರಿಬೇವು, ಅರ್ಧ ಚಮಚ ಮೆಣಸಿನ ಪುಡಿ—ಕಾಳುಮೆಣಸಿನದು—ಮತ್ತು ಉಪ್ಪು. ಗರಂ ಮಸಾಲೆ ಬೇಡ. ಏಡಿಯ ಸಿಹಿ ಬಹು ನಾಜೂಕಿನದು, ಗದ್ದಲದಲ್ಲಿ ಕೇಳಿಸುವುದಿಲ್ಲ. ನಿಂಬೆಗಾತ್ರದ ಉಂಡೆ ಕಟ್ಟಿ, ಬಿಲ್ಲೆಯಾಗಿ ಒತ್ತಿ, ಮೊಟ್ಟೆಯ ಬಿಳಿಯಲ್ಲಿ ಅದ್ದಿ, ಎರಡು ಪಾಲು ಚಿರೋಟಿ ರವೆಗೆ ಒಂದು ಪಾಲು ಅಕ್ಕಿಹಿಟ್ಟು ಬೆರೆಸಿದ್ದರಲ್ಲಿ ಹೊರಳಿಸಿರಿ. ಅಕ್ಕಿಹಿಟ್ಟಿಗೆ ಗೋಧಿಯ ಅಂಟುಗುಣವಿಲ್ಲ; ಆದುದರಿಂದ ಅದು ಮೆತ್ತಗಾಗದೆ ಗರಿಯಾಗಿ ನಿಲ್ಲುತ್ತದೆ. ಇಪ್ಪತ್ತು ನಿಮಿಷ ತಣ್ಣಗೆ ಇಟ್ಟು, ಆಮೇಲೆ ಎಣ್ಣೆ ಕಾಯಿಸಿರಿ. ಸುಮಾರು 175 ಡಿಗ್ರಿ ಸೆಲ್ಸಿಯಸ್ ಎಂದು ಶಾಸ್ತ್ರ. ರವೆಯ ಚಿಟಿಕೆ ಹಾಕಿದರೆ ಕೂಡಲೆ ನೊರೆಗಟ್ಟಿ ಮೇಲೇಳಬೇಕು, ಕಪ್ಪಾಗಬಾರದು ಎಂಬುದು ಅನುಭವ. ಒಂದು ಸಲಕ್ಕೆ ನಾಲ್ಕೈದಕ್ಕಿಂತ ಹೆಚ್ಚು ಬಿಟ್ಟರೆ ಎಣ್ಣೆ ತಣಿದು ಹೊದಿಕೆ ಎಣ್ಣೆ ಕುಡಿಯುತ್ತದೆ.

ಇನ್ನು ಕಿವಿಗೊಟ್ಟು ಕೇಳಿರಿ. ಎಣ್ಣೆಯಲ್ಲಿ ಏಳುವ ಗುಳ್ಳೆ ಎಣ್ಣೆಯದಲ್ಲ, ಹೊದಿಕೆಯಿಂದ ಹಬೆಯಾಗಿ ಹೊರಡುತ್ತಿರುವ ನೀರಿನದು. ಆ ಸದ್ದು ಮೊದಲು ಜೋರಾಗಿ, ಬರಬರುತ್ತ ಇಳಿಯುತ್ತದೆ. ಸದ್ದು ಇಳಿದು ಬಣ್ಣ ಹೊಂಬಣ್ಣವಾದಾಗ, ಎಂದರೆ ಎರಡು ಮೂರು ನಿಮಿಷಗಳಲ್ಲಿ, ತೆಗೆದು ತಂತಿಯ ಜಾಲರಿಯ ಮೇಲೆ ಹರಡಬೇಕು. ಪತ್ರಿಕೆಯ ಹಾಳೆಯ ಮೇಲೆ ಹರಡಬೇಡಿ. ಅಚ್ಚಿನ ಮಸಿ ಆಹಾರಕ್ಕೆ ಸೇರುತ್ತದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲಿಯೇ ಎಚ್ಚರಿಸಿದೆ. ಈ ಪುರವಣಿಗೂ ಆ ಮಾತು ಅನ್ವಯಿಸುತ್ತದೆ. ಕೊನೆಯದಾಗಿ, ಅತಿಥಿಗಳಲ್ಲಿ ಏಡಿ ಸಿಗಡಿ ಒಗ್ಗದವರುಂಟೆ ಎಂದು ಮೊದಲೇ ಕೇಳಿರಿ. ಆ ಒಗ್ಗದಿಕೆ ಬೇಯಿಸಿದರೆ ಹೋಗುವುದಲ್ಲ. ಕೆಲವರಿಗೆ ಪ್ರಾಣಕ್ಕೇ ಅಪಾಯ.

ಈ ಪಾಠ ಉದ್ದವಾಯಿತೆಂದು ಹೇಳುವವರಿದ್ದಾರೆ. ಕೈಯಲ್ಲಿರುವ ಫೋನಿನಲ್ಲಿ ಎಲ್ಲವನ್ನೂ ಚಿತ್ರವಾಗಿ ನೋಡಬಹುದಾದ ಕಾಲದಲ್ಲಿ ಇಷ್ಟು ಮಾತೇಕೆ ಎಂದೂ ಕೇಳುತ್ತಾರೆ. ಚಿತ್ರದಿಂದ ಕಲಿಯುವುದು ಬಹಳ ಉಂಟು. ಚಿಪ್ಪು ಕೀಳುವ ಕೈಚಳಕವನ್ನು ಯಾವ ಗದ್ಯವೂ ಚಿತ್ರದಷ್ಟು ಚೆನ್ನಾಗಿ ತೋರಿಸಲಾರದು. ಆದರೆ ಏಡಿಯ ತೂಕ ಚಿತ್ರದಲ್ಲಿ ಕಾಣುವುದಿಲ್ಲ, ಕೆಟ್ಟ ವಾಸನೆ ಬರುವುದಿಲ್ಲ, ‘ಏಕೆ’ ಎಂಬುದಕ್ಕೆ ಚಿತ್ರವಿಲ್ಲ. ಕಾರಣ ತಿಳಿದವರು ಏಡಿ ಸಿಗದ ದಿನ ಮೀನಿನಲ್ಲಿ ಮಾಡಿಯಾರು. ಕಾರಣ ತಿಳಿಯದವರು ಅಳತೆ ತಪ್ಪಿದೊಡನೆ ದಾರಿ ತಪ್ಪುತ್ತಾರೆ.

ನಮ್ಮ ಪಾಕಗದ್ಯ ಏಡಿಯ ವಿಷಯದಲ್ಲಿ ಇಷ್ಟು ಬಡವಾದುದಕ್ಕೆ ಚರಿತ್ರೆಯಲ್ಲಿ ಕಾರಣವಿದೆ. ಕನ್ನಡಕ್ಕೆ ಪಾಕಶಾಸ್ತ್ರ ಹೊಸದಲ್ಲ. 11ನೆಯ ಶತಮಾನದ ‘ಲೋಕೋಪಕಾರ’ದಲ್ಲಿ ಇಮ್ಮಡಿ ಚಾವುಂಡರಾಯ ಸೂಪಶಾಸ್ತ್ರಕ್ಕೂ ಎಡೆಗೊಟ್ಟ. 16ನೆಯ ಶತಮಾನದ ಆದಿಯಲ್ಲಿ ಮೂರನೆಯ ಮಂಗರಸ ‘ಸೂಪಶಾಸ್ತ್ರ’ವನ್ನು ವಾರ್ಧಕ ಷಟ್ಪದಿಯಲ್ಲಿ ಹಾಡಿದ. ಅವನು ಜೈನ, ಅವನ ಅಡಿಗೆಮನೆ ಸಸ್ಯಾಹಾರದ್ದು. ಅದಕ್ಕೂ ಮುಂಚೆ, 12ನೆಯ ಶತಮಾನದಲ್ಲಿ, ಕಲ್ಯಾಣದ ಚಾಲುಕ್ಯ ಅರಸು ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ದಲ್ಲಿ ಮಾಂಸ, ಮೀನುಗಳ ಪಾಕವನ್ನೂ ಹೇಳಿದ, ಆದರೆ ಅದು ಸಂಸ್ಕೃತದಲ್ಲಿ, ಅರಮನೆಯ ಭೋಗವಾಗಿ. ಹೀಗೆ ಕನ್ನಡಕ್ಕೆ ಮೀನು ಬರಲಿಲ್ಲ. ಮೀನಿದ್ದ ಕಡೆ ಕನ್ನಡವಿರಲಿಲ್ಲ. ಏಡಿ ನಮ್ಮ ಬರಹಕ್ಕೆ ಬಂದದ್ದೆಲ್ಲ ಬಹುಪಾಲು ರೂಪಕವಾಗಿ: ಪಂಚತಂತ್ರದಲ್ಲಿ ಬಕನ ಕೊರಳು ಕತ್ತರಿಸಿದ ಜಾಣ, ಪಂಚಾಂಗದಲ್ಲಿ ಕರ್ಕಾಟಕ ರಾಶಿ, ವೈದ್ಯಲೇಖನದಲ್ಲಿ ಏಡಿಗಂತಿ, ಸಭೆಯ ಭಾಷಣದಲ್ಲಿ ಮೇಲೇರುವವನ ಕಾಲೆಳೆಯುವ ಬುಟ್ಟಿಯ ಏಡಿ. ತುಳುವಿನ ಡೆಂಜಿ, ಕೊಂಕಣಿಯ ಕುರ್ಲಿ, ಮಲೆನಾಡಿನ ಗದ್ದೆಯ ಏಡಿ ಸಾರು—ಇವುಗಳ ತಿಳಿವಳಿಕೆ ಬಾಯಿಂದ ಬಾಯಿಗೆ ಬಂದದ್ದು, ಪುಸ್ತಕದ ಹೊಸ್ತಿಲು ದಾಟಿದ್ದು ಕಡಮೆ.

ಇದರೊಡನೆ ನಗರದ ಸಂಕೋಚವೂ ಸೇರಿತು. ಬೆಂಗಳೂರಿನಲ್ಲಿ ಮನೆ ಹುಡುಕುವಾಗ ಬಾಡಿಗೆಯ ಮೊತ್ತಕ್ಕಿಂತ ಮೊದಲು ‘ನೀವು ಏನು ತಿನ್ನುತ್ತೀರಿ?’ ಎಂಬ ಪ್ರಶ್ನೆಯನ್ನು ನಾನು ಕೇಳಿಸಿಕೊಂಡಿದ್ದೇನೆ. ಅಂಥ ಪ್ರಶ್ನೆಯ ನೆರಳಿನಲ್ಲಿ ಬೆಳೆದ ಗದ್ಯ ವಾಸನೆಯನ್ನೂ ರಕ್ತವನ್ನೂ ಹೇಳದೆ, ‘ಸ್ವಚ್ಛಗೊಳಿಸಿದ’ ಎಂದು ಮಾತು ಮುಗಿಸುತ್ತದೆ. ತನ್ನ ಮನೆಯ ‘ಕರಿ’, ‘ಹುರಿ’ಗಳನ್ನು ಬಿಟ್ಟು ‘ಫ್ರೈ’ ಎಂಬ ಜಾತಿಯಿಲ್ಲದ ಪದದ ಹಿಂದೆ ಮರೆಯಾಗುತ್ತದೆ. ಇಂಗ್ಲಿಷ್ ಇಲ್ಲಿ ಫ್ಯಾಷನ್ನಿನಿಂದ ಮಾತ್ರ ಬಂದದ್ದಲ್ಲ, ನಾಚಿಕೆಯಿಂದಲೂ ಬಂದದ್ದು. ಇದನ್ನು ಅರಿಯದೆ ಭಾಷಾಶುದ್ಧಿಯ ಉಪದೇಶ ಮಾಡಿದರೆ ಪ್ರಯೋಜನವಿಲ್ಲ.

ಈ ನಾಚಿಕೆಯ ಬೆಲೆ ತೆರುವವಳು ಮಾರುಕಟ್ಟೆಯ ಆ ಹೆಂಗಸು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನಿನ ಸಂತಾನವೃದ್ಧಿಗೆಂದು ಈ ನಿಷೇಧ. ಯಾವ ತಿಂಗಳಲ್ಲಿ ಯಾವ ಏಡಿ, ಮೊಟ್ಟೆ ಹೊತ್ತ ಹೆಣ್ಣನ್ನು ಏಕೆ ನೀರಿಗೆ ಬಿಡಬೇಕು ಎಂಬುದನ್ನು ಅವಳು ಬಲ್ಲಳು. ಅವಳ ಮಾತು ಪಾಠದೊಳಕ್ಕೆ ಬಂದರೆ ಕೊಳ್ಳುವವರು ಕೂಡ ಆ ಹೆಣ್ಣೇಡಿಯನ್ನು ಬೇಡವೆಂದಾರು. ಬರದಿದ್ದರೆ ಅವಳ ಜ್ಞಾನ ಅವಳೊಂದಿಗೇ ಮುಗಿಯುತ್ತದೆ. ಅವಳ ಮಗಳು ಕಾಲೇಜಿಗೆ ಬಂದು ನನ್ನಂಥವರಿಂದ ಷಟ್ಪದಿಯ ಲಕ್ಷಣ ಕಲಿಯುತ್ತಾಳೆ, ತಾಯಿಯ ಧಾತುಗಳನ್ನು ಮರೆಯುತ್ತಾಳೆ.

ಆದುದರಿಂದ ಅಡಿಗೆಯ ಪುಟಗಳನ್ನು ಬರೆಯುವವರಲ್ಲಿಯೂ ಅಚ್ಚು ಹಾಕುವವರಲ್ಲಿಯೂ ನನ್ನ ವಿನಂತಿ ಚಿಕ್ಕದು. ‘ಸ್ವಚ್ಛಗೊಳಿಸಿದ’ ಎಂದು ಬರೆಯುವ ಮುನ್ನ ಹೇಗೆ, ಯಾರು ಎಂದು ಎರಡು ವಾಕ್ಯ ಬರೆಯಿರಿ. ‘ಫ್ರೈ’ ಎನ್ನುವ ಕಡೆ ಕರಿಯುವುದೋ ಹುರಿಯುವುದೋ ನಿಶ್ಚಯಿಸಿರಿ. ಒಂದು ಬೆಳಗ್ಗೆ ಮೀನುಪೇಟೆಗೆ ಹೋಗಿ, ಕೊಳ್ಳುವ ಅವಸರವಿಲ್ಲದೆ, ಬುಟ್ಟಿಯ ಪಕ್ಕದಲ್ಲಿ ಕುಳಿತು ಅವಳು ಹೇಳುವುದನ್ನು ಅವಳ ಮಾತಿನಲ್ಲಿಯೇ ಬರೆದುಕೊಳ್ಳಿರಿ. ಪಾಠ ಅರ್ಧ ಅಂಕಣ ಹೆಚ್ಚಾದೀತು. ಆ ಜಾಗವನ್ನು ಚಿತ್ರವನ್ನು ಚಿಕ್ಕದು ಮಾಡಿ ಹೊಂದಿಸಬಹುದು.